ಹೊಸ ಹೆಡ್ ಕೋಚ್ ಬಂದಾಗ ಏನು ನೋಡಿ ತೀರ್ಮಾನ ಮಾಡಿದಿರಿ? ನಿಮ್ಮ ಅನುಭವ ಹೇಳಿ

ಬೆಂಚ್ ಪ್ಲೇಯರ್:
ನಮ್ಮ ಫುಟ್‌ಬಾಲ್ ಕ್ಲಬ್‌ಗೆ ಹೊಸ ಹೆಡ್ ಕೋಚ್ ಬಂದಿದ್ದಾರೆ. ಕ್ಲಬ್ ಹೆಸರನ್ನು ಬೇಕಂತಲೇ ಹೇಳುತ್ತಿಲ್ಲ. ಹೇಳಿದರೆ ಜಗಳ ಅದರ ಮೇಲೇ ಶುರುವಾಗುತ್ತದೆ. ಮೂರು ಲೀಗ್ ಮ್ಯಾಚ್ ಆಗಿವೆ, ಎರಡು ಸೋಲು, ಒಂದು ಡ್ರಾ. ಇಷ್ಟು ವರ್ಷ ನಾಲ್ಕು ಡಿಫೆಂಡರ್ ಇಟ್ಟುಕೊಂಡು ಆಡುತ್ತಿದ್ದ ತಂಡವನ್ನು ಇವರು ಮೂವರಿಗೆ ಇಳಿಸಿದ್ದಾರೆ. ಆಟ ಗೋಲ್‌ಕೀಪರ್ ಕಾಲಿಂದಲೇ ಶುರುವಾಗಬೇಕಂತೆ. ನಮ್ಮ ಗೋಲ್‌ಕೀಪರ್‌ಗೆ ಅದು ಬರುವುದಿಲ್ಲ, ಎಲ್ಲರಿಗೂ ಗೊತ್ತು. ಅಭಿಮಾನಿಗಳ ಗುಂಪಿನಲ್ಲಿ ಈಗಲೇ ಇವರನ್ನು ತೆಗೆಯಿರಿ ಅಂತ ಸಹಿ ಹಾಕಿಸುತ್ತಿದ್ದಾರೆ, ನನ್ನ ಹತ್ತಿರವೂ ಬಂದಿದ್ದರು. ನಿಮ್ಮ ಕ್ಲಬ್‌ಗೆ ಹೊಸಬರು ಬಂದಾಗ ಮೊದಲು ಏನನ್ನಿಸಿತ್ತು? ಆ ಅಭಿಪ್ರಾಯ ಕೊನೆಗೂ ಉಳಿಯಿತಾ?

ಕೆಂಪು ದೆವ್ವ:
ಮೊದಲ ಮ್ಯಾಚ್‌ಗಳಿಂದ ಏನೂ ಗೊತ್ತಾಗುವುದಿಲ್ಲ. ನಾನು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ. ನಮ್ಮ ಹಳೇ ಕೋಚ್ ಫರ್ಗ್ಯುಸನ್ ಹೋದ ಮೇಲೆ ನಾವು ನೋಡಿದ್ದು ಯಾರಿಗೂ ಬೇಡ.

2013ರಲ್ಲಿ ಡೇವಿಡ್ ಮೊಯೆಸ್ ಬಂದರು. ಆರು ವರ್ಷದ ಒಪ್ಪಂದ. ಕಮ್ಯುನಿಟಿ ಶೀಲ್ಡ್ ಗೆದ್ದರು, ಲೀಗ್‌ನ ಮೊದಲ ಮ್ಯಾಚ್‌ನಲ್ಲಿ ಸ್ವಾನ್ಸಿ ಮೇಲೆ 4-1. ಸರಿಯಾದ ಆಯ್ಕೆ ಅಂತ ಊರೆಲ್ಲ ಹೊಗಳಿತು. ಟ್ರಾನ್ಸ್‌ಫರ್ ವಿಂಡೋದ (ಆಟಗಾರರನ್ನು ಕೊಳ್ಳುವ ಅವಧಿಯ) ಕೊನೇ ದಿನ ಫೆಲೈನಿಗೆ 27.5 ಮಿಲಿಯನ್ ಪೌಂಡ್ ಸುರಿದರು, ಜನವರಿಯಲ್ಲಿ ಮಾಟಾಗೆ 37.1 ಮಿಲಿಯನ್. ಫೆಬ್ರವರಿಯಲ್ಲಿ ಫುಲಮ್ ನಮ್ಮ ಮೈದಾನಕ್ಕೆ ಬಂದಿತ್ತು. ಅವತ್ತು ನಾವು ಅಂಚಿನಿಂದ ಗೋಲಿನ ಮುಂದಕ್ಕೆ 81 ಕ್ರಾಸ್ ಹಾಕಿದೆವು. ಎಂಬತ್ತೊಂದು! ಮ್ಯಾಚ್ 2-2. ಏಪ್ರಿಲ್‌ನಲ್ಲಿ ಅವರನ್ನು ಕಳಿಸಿದರು, ತಂಡ 7ನೇ ಸ್ಥಾನದಲ್ಲಿ.

ಆಮೇಲೆ ಬಂದ ವ್ಯಾನ್ ಗಾಲ್ ಕಥೆ ಇನ್ನೊಂದು. ಸೀಸನ್ ಶುರುವಾಗುವ ಮೊದಲು ಅಮೆರಿಕ ಪ್ರವಾಸದಲ್ಲಿ ಎಲ್‌ಎ ಗ್ಯಾಲಕ್ಸಿ ಮೇಲೆ 7-0. ಲೀಗ್‌ನ ಮೊದಲ ದಿನ ಅದೇ ಸ್ವಾನ್ಸಿ ನಮ್ಮ ಮೈದಾನದಲ್ಲೇ 2-1ರಲ್ಲಿ ಸೋಲಿಸಿತು. ಆಮೇಲೆ ಕೆಳಗಿನ ಡಿವಿಷನ್‌ನ ಎಂಕೆ ಡಾನ್ಸ್ ಕೈಯಲ್ಲಿ 4-0 ಸೋಲು. ಸೋಲ್ಶಾರ್ ಬಂದಾಗ ಸತತ ಎಂಟು ಗೆಲುವು, ಪ್ಯಾರಿಸ್‌ನಲ್ಲಿ ಪಿಎಸ್‌ಜಿ ಮೇಲೆ 3-1. ಅದನ್ನು ನೋಡಿ 2019ರ ಮಾರ್ಚ್‌ನಲ್ಲಿ ಕೆಲಸ ಕಾಯಂ ಮಾಡಿದರು. ಅದೇ ಸೀಸನ್‌ನ ಕೊನೇ ಮ್ಯಾಚ್‌ನಲ್ಲಿ, ಆಗಲೇ ಕೆಳಗಿನ ಡಿವಿಷನ್‌ಗೆ ಬಿದ್ದಿದ್ದ ಕಾರ್ಡಿಫ್ ಬಂದು 2-0 ಹೊಡೆದು ಹೋಯಿತು. ಟೆನ್ ಹಾಗ್‌ರದ್ದು ಉಲ್ಟಾ. ಮೊದಲೆರಡು ಮ್ಯಾಚ್ ಬ್ರೈಟನ್‌ಗೆ 1-2, ಬ್ರೆಂಟ್‌ಫರ್ಡ್‌ಗೆ 0-4. ಆ ವರ್ಷ ನಾವು 3ನೇ ಸ್ಥಾನಕ್ಕೆ ಬಂದೆವು, ಲೀಗ್ ಕಪ್ ಕೂಡ ಗೆದ್ದೆವು. ಅಮೋರಿಮ್‌ರನ್ನು ಬಿಡಿಸಿಕೊಳ್ಳಲು ಸ್ಪೋರ್ಟಿಂಗ್‌ಗೆ ಸುಮಾರು 11 ಮಿಲಿಯನ್ ಯೂರೋ ಕೊಟ್ಟರು. ಇಪ್ಸ್‌ವಿಚ್ ಎದುರು ಅವರ ಮೊದಲ ಮ್ಯಾಚ್‌ನ ಎರಡನೇ ನಿಮಿಷಕ್ಕೇ ರಾಶ್‌ಫರ್ಡ್ ಗೋಲು. ಆ ಸೀಸನ್ ಮುಗಿಸಿದ್ದು 15ನೇ ಸ್ಥಾನದಲ್ಲಿ, 42 ಅಂಕ.

ನಾನೀಗ ಮೊದಲ ತಿಂಗಳು ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ.

ಗನ್ನರ್ ಅಕ್ಕ:
ನಾನು ಸಹಿ ಹಾಕದೆ ಉಳಿದವಳು, ಅದಕ್ಕೆ ಇವತ್ತಿಗೂ ಹೆಮ್ಮೆ ಇದೆ. ನಮ್ಮ ಆರ್ಸೆನಲ್‌ಗೆ ಆರ್ಟೆಟಾ ಕೋಚ್ ಆಗಿ ಬಂದಿದ್ದು 2019ರ ಡಿಸೆಂಬರ್‌ನಲ್ಲಿ. ಮೊದಲ ಮ್ಯಾಚ್ ಬೋರ್ನ್‌ಮತ್ ಎದುರು 1-1, ಎರಡನೆಯದು ಚೆಲ್ಸಿ ಎದುರು 1-2. ಎಫ್‌ಎ ಕಪ್ ಗೆದ್ದೆವು, ಸರಿ. ಆದರೆ ಲೀಗ್‌ನಲ್ಲಿ ಸತತ ಎರಡು ವರ್ಷ 8ನೇ ಸ್ಥಾನ. 2021ರ ಆಗಸ್ಟ್ ನೆನಪಿದೆಯಾ? ಬ್ರೆಂಟ್‌ಫರ್ಡ್ 0-2, ಚೆಲ್ಸಿ 0-2, ಮ್ಯಾಂಚೆಸ್ಟರ್ ಸಿಟಿ 0-5. ಮೂರು ಮ್ಯಾಚ್, ಹೊಡೆದ ಗೋಲು ಸೊನ್ನೆ, ತಿಂದ ಗೋಲು ಒಂಬತ್ತು. ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ. ನಮ್ಮ ಗುಂಪಿನಲ್ಲಿ ಆರ್ಟೆಟಾ ಪರ ಮಾತಾಡಿದವರನ್ನು ಹೊರಗೆ ಹಾಕುತ್ತಿದ್ದರು. ನನ್ನನ್ನೂ ಹಾಕಿದರು.

ನಾನು ನೋಡಿದ್ದು ಫಲಿತಾಂಶ ಅಲ್ಲ. ಯಾರನ್ನು ತರುತ್ತಿದ್ದಾರೆ, ಯಾರನ್ನು ಕಳಿಸುತ್ತಿದ್ದಾರೆ ಅಂತ ನೋಡಿದೆ. ಆ ಬೇಸಿಗೆಯಲ್ಲಿ ತಂದ ಆರು ಜನರಲ್ಲಿ ಒಬ್ಬರೂ 23 ದಾಟಿರಲಿಲ್ಲ. ವೈಟ್, ಓಡೆಗಾರ್ಡ್, ರ್‍ಯಾಮ್ಸ್‌ಡೇಲ್, ಟೊಮಿಯಾಸು, ಲೊಕೊಂಗಾ, ಟವಾರೆಸ್. ನಾಯಕ ಒಬಮೆಯಾಂಗ್ ಶಿಸ್ತು ಮುರಿದಾಗ ನಾಯಕತ್ವ ಕಿತ್ತುಕೊಂಡರು. ಅಷ್ಟು ದೊಡ್ಡ ಆಟಗಾರನ ಮೇಲೆ ಕೋಚ್ ಕ್ರಮ ತೆಗೆದುಕೊಂಡಾಗ ಕ್ಲಬ್ ಅವರ ಬೆನ್ನಿಗೆ ನಿಂತಿತು. ಅವತ್ತೇ ನಂಬಿಕೆ ಬಂತು. ಆಮೇಲೆ 5ನೇ ಸ್ಥಾನ, ಅಲ್ಲಿಂದ ಮೂರು ವರ್ಷ ಸತತವಾಗಿ 2ನೇ ಸ್ಥಾನ.

ನೀಲಿ ಜೆರ್ಸಿ:
ಅಕ್ಕಾ, ಎರಡನೇ ಸ್ಥಾನಕ್ಕೆ ಕಪ್ ಕೊಡುವುದಿಲ್ಲ.

ನಮ್ಮ ಚೆಲ್ಸಿ ಕಥೆ ಕೇಳಿ. ವಿಲಾಸ್-ಬೋವಾಸ್‌ರನ್ನು ಬಿಡಿಸಿಕೊಳ್ಳಲು ಪೋರ್ಟೊಗೆ 13.3 ಮಿಲಿಯನ್ ಪೌಂಡ್ ಕೊಟ್ಟಿದ್ದರು. 2012ರ ಮಾರ್ಚ್‌ನಲ್ಲಿ ತೆಗೆದರು. ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗ್‌ನಲ್ಲಿ ನಾಪೋಲಿ ಎದುರು 1-3ರಲ್ಲಿ ಸೋತು ಬಂದಿದ್ದ ತಂಡ ಡಿ ಮ್ಯಾಟೆಯೊ ಕೈಗೆ ಬಂತು. ಅವರು ಅದನ್ನು ತಿರುಗಿಸಿದರು, ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ನಮ್ಮದಾಯಿತು. 2021ರ ಜನವರಿಯಲ್ಲಿ ಲ್ಯಾಂಪರ್ಡ್ ಹೋದರು, ಟುಕೆಲ್ ಬಂದರು. ಮೊದಲ ಮ್ಯಾಚ್ ವುಲ್ವ್ಸ್ ಎದುರು 0-0, ನೋಡೋಕೆ ಬೇಜಾರಾಗುವ ಆಟ. ಮೇ ತಿಂಗಳಲ್ಲಿ ಮತ್ತೆ ಚಾಂಪಿಯನ್ಸ್ ಲೀಗ್. ಎರಡು ಸಲವೂ ಸೀಸನ್ ಮಧ್ಯದಲ್ಲಿ ಕೋಚ್ ಬದಲಿಸಿಯೇ ಗೆದ್ದಿದ್ದು. ತಾಳ್ಮೆ ತಾಳ್ಮೆ ಅಂತ ಕೂತಿದ್ದರೆ ಬರುತ್ತಿತ್ತಾ? ಸಹಿ ಹಾಕಿ ಸರ್. ಅಭಿಮಾನಿಗಳು ಸುಮ್ನೆ ಕೂತರೆ ಮಾಲೀಕರಿಗೆ ಏನೂ ತಟ್ಟುವುದಿಲ್ಲ.

ಗನ್ನರ್ ಅಕ್ಕ:
ನಿಮ್ಮ ಕೋಚ್ ಆಗಿದ್ದ ಪಾಟರ್ ಕಥೆ ಯಾಕೆ ಬಿಟ್ಟಿರಿ? ಬ್ರೈಟನ್‌ಗೆ 20 ಮಿಲಿಯನ್ ಪೌಂಡ್‌ಗಿಂತ ಜಾಸ್ತಿ ಪರಿಹಾರ, ಐದು ವರ್ಷದ ಒಪ್ಪಂದ. ಮೊದಲ ಒಂಬತ್ತು ಮ್ಯಾಚ್ ಸೋಲಿಲ್ಲ. ಏಳು ತಿಂಗಳು ತುಂಬುವ ಮೊದಲೇ ತೆಗೆದಿರಿ. ಜನವರಿಯಲ್ಲಿ ಎನ್ಜೊ ಫರ್ನಾಂಡಿಸ್ ಒಬ್ಬರಿಗೇ 106.8 ಮಿಲಿಯನ್ ಕೊಟ್ಟ ತಂಡ 12ನೇ ಸ್ಥಾನಕ್ಕೆ ಬಂತು. ಇದು ಮಾಲೀಕರಿಗೆ ತಟ್ಟಿದ ಲಕ್ಷಣವಾ?

ನೀಲಿ ಜೆರ್ಸಿ:
ಆ ಒಂಬತ್ತು ಮ್ಯಾಚ್‌ಗಳನ್ನು ನಾನು ಪೂರ್ತಿ ನೋಡಿದ್ದೇನೆ. ತಂಡಕ್ಕೆ ಒಂದು ಆಕಾರವೇ ಇರಲಿಲ್ಲ. ಹತ್ತನೆಯದರಲ್ಲಿ ಅವರ ಹಳೇ ಕ್ಲಬ್ ಬ್ರೈಟನ್ 4-1 ಹೊಡೆದಾಗ ಅದು ಎಲ್ಲರಿಗೂ ಕಾಣಿಸಿತು. ನಿಮ್ಮ ಕ್ಲಬ್ ಆರ್ಟೆಟಾಗೆ ಮೊದಲಿದ್ದ ಕೋಚ್ ಎಮೆರಿಯನ್ನು ತೆಗೆದಾಗ ಈ ತಾಳ್ಮೆ ಎಲ್ಲಿತ್ತು? ಅವರು ಹೋಗಿ 16ನೇ ಸ್ಥಾನದಲ್ಲಿದ್ದ ಆಸ್ಟನ್ ವಿಲ್ಲಾವನ್ನು 7ನೇ ಸ್ಥಾನಕ್ಕೆ, ಮುಂದಿನ ವರ್ಷ 4ನೇ ಸ್ಥಾನಕ್ಕೆ ತಂದರು.

ಕಾಪ್ ಮೂಲೆ:
ಕ್ಲಾಪ್ ಲಿವರ್‌ಪೂಲ್‌ಗೆ ಬಂದು ಆಡಿಸಿದ ಮೊದಲ ಮೂರು ಮ್ಯಾಚ್‌ಗಳೂ ಡ್ರಾ: 0-0, 1-1, 1-1. ಆ ವರ್ಷ ಎರಡು ಫೈನಲ್ ಸೋತೆವು, ಲೀಗ್‌ನಲ್ಲಿ 8ನೇ ಸ್ಥಾನ. ಇನ್ನು ಅವರ ನಂತರ ಕೋಚ್ ಆಗಿ ಸ್ಲಾಟ್ ಬಂದ ವರ್ಷ ಬೇಸಿಗೆಯಲ್ಲಿ ತಂಡಕ್ಕೆ ಸೇರಿದ ಹೊಸಬ ಕಿಯೆಸಾ ಒಬ್ಬರೇ, 10 ಮಿಲಿಯನ್ ಪೌಂಡ್. ಆ ವರ್ಷವೇ ಲೀಗ್ ಗೆದ್ದೆವು. ಮುಂದಿನ ಬೇಸಿಗೆಯಲ್ಲಿ ಇಸಾಕ್‌ಗೆ 125 ಮಿಲಿಯನ್, ವಿರ್ಟ್ಸ್‌ಗೆ 100ರ ಮೇಲೆ. ಅದೇ ಕೋಚ್, ಸತತ ನಾಲ್ಕು ಲೀಗ್ ಸೋಲು. ನೀವೇ ಲೆಕ್ಕ ಹಾಕಿಕೊಳ್ಳಿ.

ತಿಳಿನೀಲಿ:
ಗೋಲ್‌ಕೀಪರ್ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಮ್ಮ ಸಿಟಿಯಲ್ಲಿ ಇದೇ ಆಗಿತ್ತು. 2016ರಲ್ಲಿ ಗಾರ್ಡಿಯೊಲಾ ಬಂದ ಕೂಡಲೇ ಜೋ ಹಾರ್ಟ್‌ರನ್ನು ಪಕ್ಕಕ್ಕಿಟ್ಟು ಬ್ರಾವೊರನ್ನು ತಂದರು, ಕಾಲಲ್ಲಿ ಚೆಂಡು ಆಡುತ್ತಾರೆ ಅಂತ. ಎಲ್ಲ ಟೂರ್ನಿ ಸೇರಿ ಮೊದಲ ಹತ್ತು ಮ್ಯಾಚ್ ಗೆದ್ದೆವು. ಆಮೇಲೆ ಬ್ರಾವೊ ಕಡೆ ಬಂದ ಹೊಡೆತವೆಲ್ಲ ಗೋಲು ಅನ್ನಿಸುವ ಹಾಗಾಯಿತು. ಆ ವರ್ಷ ಒಂದು ಕಪ್ಪೂ ಇಲ್ಲ. ಎಡರ್ಸನ್‌ಗೆ 35 ಮಿಲಿಯನ್ ಪೌಂಡ್ ಕೊಟ್ಟು ತಂದ ಮೇಲೆ ಬಂದಿದ್ದು 100 ಅಂಕದ ಸೀಸನ್. ಗೋಲ್‌ಕೀಪರ್ ಬದಲಾಗುವ ತನಕ ಆ ಆಟ ಬರುವುದಿಲ್ಲ. ಕೋಚ್ ಎಷ್ಟೇ ಒಳ್ಳೆಯವರಾಗಿರಲಿ.

ಕೆಂಪು ದೆವ್ವ:
ಹಣ ಇದ್ದರೆ ಗೋಲ್‌ಕೀಪರನ್ನೂ ಬದಲಿಸಬಹುದು, ಇಡೀ ಬೆಂಚನ್ನೂ ಬದಲಿಸಬಹುದು. ಅದು ಅನುಭವ ಅಲ್ಲ, ಬ್ಯಾಂಕ್ ಖಾತೆ.

ತಿಳಿನೀಲಿ:
ಹಣದ ಮಾತು ಯುನೈಟೆಡ್ ಅಭಿಮಾನಿಯಿಂದ ಕೇಳಬೇಕಾ? ಆಂಟನಿಗೆ 80 ಮಿಲಿಯನ್ ಪೌಂಡ್ ದಾಟಿಸಿ ಕೊಟ್ಟವರು ಯಾರು?

ಹಳೇ ಸೆಂಟರ್ ಹಾಫ್:
ಮೂವರು ಡಿಫೆಂಡರ್ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಕ್ರಿಸ್ಟಲ್ ಪ್ಯಾಲೇಸ್ ಅಭಿಮಾನಿ. ಈ ಆಟದ ಎರಡೂ ಮುಖ ನೋಡಿದವನು.

2017ರಲ್ಲಿ ಡಿ ಬೂರ್ ಬಂದರು. ಮೂವರನ್ನು ಹಿಂದೆ ಇಟ್ಟು, ಕೆಳಗಿನಿಂದ ಪಾಸ್ ಮಾಡಿಕೊಂಡು ಆಡಿ ಅಂದರು. ಹಡರ್ಸ್‌ಫೀಲ್ಡ್ 0-3, ಲಿವರ್‌ಪೂಲ್ 0-1, ಸ್ವಾನ್ಸಿ 0-2, ಬರ್ನ್‌ಲಿ 0-1. ನಾಲ್ಕು ಲೀಗ್ ಮ್ಯಾಚ್‌ಗೆ ಕೆಲಸ ಹೋಯಿತು. ಹಾಡ್ಜ್‌ಸನ್ ಬಂದು ಇನ್ನೂ ಮೂರು ಸೋತರು. ಅಲ್ಲಿಗೆ ಏಳು ಮ್ಯಾಚ್, ಒಂದು ಗೋಲೂ ಇಲ್ಲ. ಎಂಟನೆಯದರಲ್ಲಿ ಚಾಂಪಿಯನ್ ಆಗಿದ್ದ ಚೆಲ್ಸಿಯನ್ನು 2-1ರಲ್ಲಿ ಸೋಲಿಸಿ, ಕೊನೆಗೆ 11ನೇ ಸ್ಥಾನಕ್ಕೆ ಬಂದೆವು. ಡಿ ಬೂರ್‌ಗೆ ಅನ್ಯಾಯ ಆಯಿತು ಅಂತ ಇವತ್ತಿಗೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರ ಆಟಕ್ಕೆ ಬೇಕಾದ ಕಾಲುಗಳು ಆ ತಂಡದಲ್ಲಿ ಇರಲಿಲ್ಲ, ಇದ್ದವರಿಗೆ ತಕ್ಕ ಹಾಗೆ ಬದಲಿಸಿಕೊಳ್ಳಲೂ ಅವರು ತಯಾರಿರಲಿಲ್ಲ.

2024ರ ಫೆಬ್ರವರಿಯಲ್ಲಿ ಗ್ಲಾಸ್ನರ್ ಬಂದರು. ಅವರದೂ ಮೂವರು ಡಿಫೆಂಡರ್‌ಗಳೇ. ಮೊದಲ ಮ್ಯಾಚ್ ಬರ್ನ್‌ಲಿ ಮೇಲೆ 3-0. ಸೀಸನ್ ಕೊನೆಯಲ್ಲಿ ಯುನೈಟೆಡ್ ಮೇಲೆ 4-0, ವಿಲ್ಲಾ ಮೇಲೆ 5-0. ಸ್ವರ್ಗಕ್ಕೆ ಮೂರೇ ಗೇಣು ಅನ್ನಿಸಿತ್ತು. ಮುಂದಿನ ಸೀಸನ್ ಲೀಗ್‌ನ ಮೊದಲ ಎಂಟು ಮ್ಯಾಚ್‌ಗಳಲ್ಲಿ ಒಂದೂ ಗೆಲುವಿಲ್ಲ! ನಮ್ಮ ಒಳ್ಳೇ ಆಟಗಾರ ಒಲಿಸೆ ಬಾಯರ್ನ್‌ಗೆ ಹೋಗಿಯಾಗಿತ್ತು. ತೆಗೆಯಿರಿ ಅನ್ನುವ ಕೂಗು ನಮ್ಮಲ್ಲೂ ಇತ್ತು. ಒಂಬತ್ತನೆಯದರಲ್ಲಿ ಟಾಟನ್‌ಹ್ಯಾಮ್ ಮೇಲೆ 1-0. 2025ರ ಮೇ 17ಕ್ಕೆ ಸಿಟಿಯನ್ನು 1-0ರಲ್ಲಿ ಸೋಲಿಸಿ ಎಫ್‌ಎ ಕಪ್. ಕ್ಲಬ್ ಇತಿಹಾಸದ ಮೊದಲ ದೊಡ್ಡ ಕಪ್.

ಆ ಎಂಟು ಮ್ಯಾಚ್‌ಗಳಲ್ಲೂ ಗ್ಲಾಸ್ನರ್ ಪರ ನಿಂತಿದ್ದೆ. ಕಾರಣ ಇತ್ತು. ವಿಂಗ್‌ಬ್ಯಾಕ್ (ಅಂಚಿನಲ್ಲಿ ದಾಳಿಗೂ ರಕ್ಷಣೆಗೂ ಓಡುವವರು) ಮುನ್ಯೋಸ್ ಮುಂದಕ್ಕೆ ಹೋದಾಗ ಹಿಂದಿನ ಜಾಗವನ್ನು ಬಲಗಡೆಯ ಸೆಂಟರ್‌ಬ್ಯಾಕ್ ತಕ್ಷಣ ಮುಚ್ಚುತ್ತಿದ್ದರು. ಚೆಂಡು ಕಳೆದುಕೊಂಡ ಕೂಡಲೇ ಹತ್ತಿರ ಇದ್ದ ಮೂವರು ಮುಂದಕ್ಕೇ ನುಗ್ಗುತ್ತಿದ್ದರು, ಹಿಂದಕ್ಕೆ ಓಡುತ್ತಿರಲಿಲ್ಲ. ಸೋಲುವಾಗಲೂ ಇದು ಕೆಡಲಿಲ್ಲ. ಡಿ ಬೂರ್ ಕಾಲದಲ್ಲಿ ಇದು ಒಂದು ದಿನವೂ ಕಾಣಲಿಲ್ಲ.

ಕೆಂಪು ದೆವ್ವ:
ಅಮೋರಿಮ್‌ರದೂ ಮೂವರು ಡಿಫೆಂಡರ್ ಆಟವೇ. ನವೆಂಬರ್‌ನಲ್ಲಿ ಬಂದರು, ಸೀಸನ್‌ಗೆ ಮೊದಲಿನ ತರಬೇತಿಯೇ ಸಿಗಲಿಲ್ಲ. ಮೂರು ದಿನಕ್ಕೊಂದು ಮ್ಯಾಚ್ ಇದ್ದಾಗ ಯಾವಾಗ ಕಲಿಸುತ್ತಾರೆ? ಆದರೂ ಯುರೋಪಾ ಲೀಗ್ ಫೈನಲ್‌ವರೆಗೆ ಹೋದೆವು. ಅಲ್ಲಿ ಕೂಡ ಸೋತಿದ್ದು ನಮ್ಮ ಲ್ಯೂಕ್ ಶಾ ಮೈಗೆ ಬಡಿದು ಒಳಗೆ ಹೋದ ಚೆಂಡಿಗೆ.

ಲಿಲಿವೈಟ್:
ಬಿಲ್ಬಾವೊದಲ್ಲಿ ನಾವು ಗೆದ್ದ ಆ ಫೈನಲ್ ಮಾತು ಬಂದ ಮೇಲೆ ಟಾಟನ್‌ಹ್ಯಾಮ್ ಅಭಿಮಾನಿಯಾಗಿ ಸುಮ್ನೆ ಇರೋಕಾಗಲ್ಲ. ಅದು ನಮ್ಮ ಬ್ರೆನ್ನನ್ ಜಾನ್ಸನ್ ಗೋಲು. ಟೂರ್ನಿ ನಡೆಸುವ ಯುಇಎಫ್‌ಎ ದಾಖಲೆಯಲ್ಲಿ ಅವರ ಹೆಸರೇ ಇದೆ.

ಪೋಸ್ಟೆಕೊಗ್ಲು ಕೋಚ್ ಆಗಿ ಬಂದ ಬೇಸಿಗೆಯಲ್ಲೇ ನಮ್ಮ ಗೋಲು ಹೊಡೆಯುವ ಕೇನ್‌ರನ್ನು ಮಾರಿದರು, ಸೀಸನ್ ಮುಗಿದೇಹೋಯಿತು ಅಂದುಕೊಂಡಿದ್ದೆವು. ಮೊದಲ ಹತ್ತು ಲೀಗ್ ಮ್ಯಾಚ್‌ಗಳಲ್ಲಿ ಎಂಟು ಗೆಲುವು, ಎರಡು ಡ್ರಾ. ಹನ್ನೊಂದನೆಯದು ಚೆಲ್ಸಿ ಎದುರು 1-4, ನಮ್ಮವರಿಗೆ ಎರಡು ರೆಡ್ ಕಾರ್ಡ್. ಒಂಬತ್ತು ಜನ ಉಳಿದಾಗಲೂ ಡಿಫೆಂಡರ್‌ಗಳನ್ನು ಮೈದಾನದ ಮಧ್ಯದ ಗೆರೆಯಲ್ಲೇ ನಿಲ್ಲಿಸಿದರು. ಅವತ್ತು ನಾನು ಅವರ ಕಡೆಯವನಾದೆ. ಎರಡನೇ ವರ್ಷ ಗಾಯಗಳ ಸಾಲು, 22 ಸೋಲು, 17ನೇ ಸ್ಥಾನ. ಆದರೂ 17 ವರ್ಷದ ಮೇಲೆ ಒಂದು ಕಪ್ ಬಂತು. ಎರಡೇ ವಾರ ಕಳೆಯಿತು, ತೆಗೆದುಹಾಕಿದರು. ಆ ನೋವು ಇನ್ನೂ ಹೋಗಿಲ್ಲ.

ಕೆಂಪು ದೆವ್ವ:
ಜಾನ್ಸನ್ ಕಾಲಿಗೆ ಮೊದಲು ತಾಗಿತು, ಸರಿ. ಆದರೆ ಗುರಿ ಕಡೆ ತಿರುಗಿದ್ದು ಶಾ ಕೈಯಿಂದ. ನಿಧಾನಗತಿಯಲ್ಲಿ ನೋಡಿ.

ಲಿಲಿವೈಟ್:
ನೋಡಿದ್ದೇನೆ. ಕೊನೆಗೆ ಗೆರೆ ಕಡೆ ತಳ್ಳಿದ್ದೂ ಜಾನ್ಸನ್ನೇ. ನಿಮ್ಮ ಹೊಯ್ಲುಂಡ್ ಹೆಡರನ್ನು ನಮ್ಮ ವ್ಯಾನ್ ಡೆ ವೆನ್ ಗೋಲ್ ಗೆರೆ ಮೇಲೆ ಹಾರಿ ತೆಗೆದರಲ್ಲ, ಅದನ್ನೂ ನಿಧಾನವಾಗಿ ನೋಡಿ.

ನೀಲಿ ಜೆರ್ಸಿ:
17ನೇ ಸ್ಥಾನಕ್ಕೆ ಬಂದವರನ್ನು ಇಟ್ಟುಕೊಳ್ಳಬೇಕಿತ್ತಾ? ಮುಂದೆ ಫಾರೆಸ್ಟ್‌ಗೆ ಹೋಗಿ ಎಂಟು ಮ್ಯಾಚ್‌ಗಳಲ್ಲಿ ಒಂದೂ ಗೆಲ್ಲದೆ 39 ದಿನಕ್ಕೆ ವಾಪಸ್ ಬಂದರು.

ಲಿಲಿವೈಟ್:
ನಿಮ್ಮ ಡಿ ಮ್ಯಾಟೆಯೊ ಚಾಂಪಿಯನ್ಸ್ ಲೀಗ್ ಗೆದ್ದು ಆರು ತಿಂಗಳಿಗೆ ಹೊರಗೆ ಬಿದ್ದರು. ಕಪ್ ತಂದವರಿಗೆ ಮರ್ಯಾದೆ ಕೊಡುವುದು ನಿಮ್ಮಿಂದ ಕಲಿಯಬೇಕಾಗಿಲ್ಲ.

ಬೆಂಚ್ ಪ್ಲೇಯರ್:
ಎಲ್ಲರಿಗೂ ಥ್ಯಾಂಕ್ಸ್. ಹಳೇ ಸೆಂಟರ್ ಹಾಫ್ ಅವರೇ, ನಮ್ಮ ಮೂರು ಮ್ಯಾಚ್‌ಗಳನ್ನೂ ನೀವು ಹೇಳಿದ ಹಾಗೆ ಮತ್ತೆ ನೋಡಿದೆ. ಬಲಗಡೆ ನೀವು ಹೇಳಿದಂತೆಯೇ ಜಾಗ ಮುಚ್ಚುತ್ತಾರೆ. ಎಡಗಡೆ ವಿಂಗ್‌ಬ್ಯಾಕ್ ಆಗಿ ಒಬ್ಬ ವಿಂಗರನ್ನು, ಅಂದರೆ ಅಂಚಿನಲ್ಲಿ ದಾಳಿ ಮಾಡುವವನನ್ನು, ಆಡಿಸುತ್ತಿದ್ದಾರೆ. ಅವನು ಹಿಂದಕ್ಕೆ ಬರುವುದೇ ಇಲ್ಲ. ತಿಂದ ಗೋಲುಗಳಲ್ಲಿ ಹೆಚ್ಚಿನವು ಆ ಕಡೆಯಿಂದಲೇ. ಇದು ಕೋಚ್ ತಪ್ಪಾ?

ಹಳೇ ಸೆಂಟರ್ ಹಾಫ್:
ಬೆಂಚ್‌ನಲ್ಲಿ ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಇದ್ದೂ ವಿಂಗರನ್ನೇ ಆಡಿಸುತ್ತಿದ್ದರೆ ಕೋಚ್ ತಪ್ಪು. ಇಲ್ಲದಿದ್ದರೆ ಆಟಗಾರರನ್ನು ಕೊಂಡು ತರುವವರ ತಪ್ಪು. ನಮ್ಮಲ್ಲಿ ಮುನ್ಯೋಸ್‌ರನ್ನು ಗ್ಲಾಸ್ನರ್ ಬರುವ ಮೊದಲೇ ಜನವರಿಯಲ್ಲಿ ತಂದಿಟ್ಟಿದ್ದರು, ಎಡಗಡೆ ಮಿಚೆಲ್ ಇದ್ದರು. ಮುಂದಿನ ಮ್ಯಾಚ್‌ನಲ್ಲಿ ಎಡಗಡೆ ಯಾರ ಹೆಸರು ಬರುತ್ತದೆ ನೋಡಿ. ಸಹಿ ಆಮೇಲೆ.

ನೀಲಿ ಜೆರ್ಸಿ:
ಅಷ್ಟರಲ್ಲಿ ನಾಲ್ಕನೆಯದನ್ನೂ ಸೋತಿರುತ್ತೀರಿ.