ಅಪ್‌ಡೇಟ್: ಹಂಪ್ ಮೇಲೆ ಬರುತ್ತಿದ್ದ ಟಕ್ ಟಕ್ ಸದ್ದಿನ ಮೂಲ ಸಿಕ್ಕಿತು

ಹಂಪ್ ಹತ್ತಿದಾಗ ಮುಂದಿನ ಎಡಗಡೆ ಟಕ್ ಟಕ್ ಸದ್ದು, ಜೊತೆಗೆ ಕಾರು ಎಡಕ್ಕೆ ಎಳೆಯುತ್ತದೆ, ಕಾರಣ ಏನು ಎಂದು ಹಿಂದೆ ಕೇಳಿದ್ದೆ. ಶಾಕ್ ಅಬ್ಸಾರ್ಬರ್ ಹೋಗಿರಬೇಕು ಅಂತ ನನ್ನ ಊಹೆ. ಅದು ತಪ್ಪು. ಎಣ್ಣೆ ಸೋರಿರಲಿಲ್ಲ, ಬಾನೆಟ್ ಮೂಲೆ ಒತ್ತಿ ಬಿಟ್ಟರೆ ಕಾರು ಕುಣಿಯದೆ ನಿಂತಿತು. ಸುಮ್ನೆ ಹೊಸದು ಹಾಕಿಸಿಬಿಡುತ್ತಿದ್ದೆ!

ಜಾಕ್ ಹಾಕಿ, ಸ್ಟ್ಯಾಂಡ್ ಮೇಲೆ ಕೂರಿಸಿ ನೋಡಿದೆವು. ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಸ್ವಲ್ಪ ಸಡಿಲ ಇತ್ತು. ಟೈ ರಾಡ್ ಎಂಡ್ (ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿಯ ಕೀಲು) ಸವೆದಿತ್ತು. 12 ಮತ್ತು 6ರಲ್ಲಿ ಹಿಡಿದಾಗ ಏನೂ ಅಲ್ಲಾಡಲಿಲ್ಲ. ಚಕ್ರದ ಬೇರಿಂಗ್ ಸರಿಯಿದೆ, ಸದ್ಯ.

ಸದ್ದು ಮಾಡುತ್ತಿದ್ದದ್ದು ಸ್ಟೆಬಿಲೈಜರ್ ಲಿಂಕ್, ಅಂದರೆ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಬಾರನ್ನು ಸಸ್ಪೆನ್ಷನ್‌ಗೆ ಜೋಡಿಸುವ ಸಣ್ಣ ಕೊಂಡಿ. ಅದರ ಕೀಲಿನ ರಬ್ಬರ್ ಬೂಟ್ (ಹೊದಿಕೆ) ಹರಿದು, ನೀರು, ಮಣ್ಣು ಒಳಗೆ ಹೋಗಿ ಗ್ರೀಸ್ ಪೂರ್ತಿ ಒಣಗಿತ್ತು. ಕೈಯಲ್ಲಿ ಹಿಡಿದರೇ ಲೊಡಲೊಡ. ಲೋವರ್ ಆರ್ಮ್ ಬುಷ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಿನ ಬುಡದ ರಬ್ಬರ್ ಜೋಡಣೆ) ಕೂಡ ಬಿರುಕು ಬಿಟ್ಟಿತ್ತು, ಅದನ್ನೂ ಬದಲಿಸಿದೆವು.

ಇಲ್ಲಿ ಒಂದು ವಿಷಯ ಕಲಿತೆ. ಬುಷ್‌ನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ. ಇಲ್ಲದಿದ್ದರೆ ಕಾರು ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ, ಬೇಗ ಹರಿಯುತ್ತದೆ.

ಟೈ ರಾಡ್ ಎಂಡ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು ಅಲ್ವಾ, ಮಾಡಿಸಿದೆ. ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಜಾಸ್ತಿ ಹೊರಕ್ಕೆ ಹೋಗಿತ್ತಂತೆ. ಈಗ ಎಳೆತ ಇಲ್ಲ, ಟಕ್ ಟಕ್ ಸದ್ದೂ ಇಲ್ಲ. ಆದರೆ ಎಡ ಟೈರಿನ ಒಳ ಅಂಚು ಆಗಲೇ ಸವೆದಿರುವುದರಿಂದ ಸಣ್ಣ ಗುಂಯ್ ಸದ್ದು ಉಳಿದಿದೆ. ಟೈರ್ ಬದಲಿಸುವವರೆಗೂ ಅದು ಇದ್ದೇ ಇರುತ್ತದೆ.