ಅಪ್ಪನನ್ನು ಕುಪ್ಪಳಿಗೆ ಕರೆದೊಯ್ಯಬೇಕು: ಹೋಗಿ ಬಂದವರು ಹೇಳಿ

ಪ್ರಶ್ನೆ: ಅಪ್ಪನಿಗೆ ಎಪ್ಪತ್ತೆರಡು, ಮಂಡಿನೋವು ಬೇರೆ. ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಮೂರು ಸಲ ಓದಿದ್ದಾರೆ, ಕವಿಯ ಊರು ಕುಪ್ಪಳಿ ಮಾತ್ರ ನೋಡಿಲ್ಲ. ಜೊತೆಗೆ ಹತ್ತು ವರ್ಷದ ಮಗ. ಮ್ಯೂಸಿಯಂ ಅಂದರೆ ಆಕಳಿಸುತ್ತಾನೆ. ಡಿಸೆಂಬರಿನಲ್ಲಿ ಶೃಂಗೇರಿ ಮುಗಿಸಿ ಆಗುಂಬೆಗೆ ಹೋಗುವಾಗ ಕವಿಮನೆಗೆ ಒಂದು ಗಂಟೆ ಇಟ್ಟರೆ ಸಾಕಾ? ಅಪ್ಪನಿಗೆ ಅಲ್ಲಿನ ಕವಿಶೈಲ ಗುಡ್ಡ ಹತ್ತಲು ಆಗುತ್ತಾ?

ತೀರ್ಥಹಳ್ಳಿ ಕಡೆಯವಳು: ಒಂದು ಗಂಟೆ ಸಾಲದು. ನಾವೂ ಹಾಗೇ ಲೆಕ್ಕ ಹಾಕಿ ಹೋಗಿ, ಸೂರ್ಯಾಸ್ತಕ್ಕೆ ಆಗುಂಬೆ ಸೇರಬೇಕೆಂದು ಓಡಿ, ಎರಡನ್ನೂ ಸರಿಯಾಗಿ ನೋಡಲಿಲ್ಲ. ಕವಿಮನೆ ಮೂರಂತಸ್ತಿನ ತೊಟ್ಟಿಮನೆ. ಶಿಥಿಲವಾಗಿದ್ದದ್ದನ್ನು ಕುವೆಂಪು ಪ್ರತಿಷ್ಠಾನದವರು ಮತ್ತೆ ಎತ್ತಿ ನಿಲ್ಲಿಸಿದ್ದು. ಮರದ ಮೆಟ್ಟಿಲು ಮಂಡಿಗೆ ಕಷ್ಟವೇ. ಆದರೆ ಮೇಲೆ ಹತ್ತಲಾಗದಿದ್ದರೂ ನಿಮ್ಮ ತಂದೆಯವರಿಗೆ ನಷ್ಟವಿಲ್ಲ. ಅಡುಗೆಮನೆಯ ಪಾತ್ರೆ ಪಡಗ, ಬೇಸಾಯದ ಸಾಮಾನು, ಕುವೆಂಪು ಅವರ ಮದುವೆಯ ಮಂಟಪ, ಇವನ್ನೆಲ್ಲ ಕಾದಂಬರಿ ಓದಿದವರು ನೋಡುವ ರೀತಿಯೇ ಬೇರೆ. ನನ್ನ ಮಾವ ಜಗಲಿಯಲ್ಲಿ ಕೂತು, ‘ಕಾನೂರಿನ ಹೆಗ್ಗಡತಿ ಇಂಥ ಮನೆಯಲ್ಲೇ ಅಲ್ವೇನೇ ಇದ್ದದ್ದು’ ಅಂದವರು ಅರ್ಧ ಗಂಟೆ ಏಳಲಿಲ್ಲ. ನಾವೇ ಸುಮ್ಮನೆ ಗಡಿಯಾರ ನೋಡುತ್ತಿದ್ದೆವು.

ನಾವು ಹೋದಾಗ ಒಳಗೆ ಫೋಟೊ ತೆಗೆಯಲು ಬಿಡಲಿಲ್ಲ. ಒಳ್ಳೆಯದೇ ಆಯಿತು ಅನ್ನಿ.

ಮೇಷ್ಟ್ರು: ಕವಿಶೈಲಕ್ಕೆ ಮೆಟ್ಟಿಲ ದಾರಿ ಒಂದು, ವಾಹನ ಹೋಗುವ ದಾರಿ ಇನ್ನೊಂದು. ತಂದೆಯವರನ್ನು ಕಾರಿನಲ್ಲೇ ಮೇಲೆ ಬಿಡಿ, ನೀವು ಮತ್ತು ಮಗ ಹತ್ತಿ ಹೋಗಿ. ಕುವೆಂಪು ಸಮಾಧಿ ಅಲ್ಲೇ ಇದೆ. ಸುತ್ತ ನಿಂತಿರುವ ದೊಡ್ಡ ಕಲ್ಲುಗಳನ್ನು ಕಂಡು ಮಕ್ಕಳು ಖುಷಿಪಡುತ್ತಾರೆ. ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಹೆಸರುಗಳನ್ನು ಕೆತ್ತಿದೆ. ಅದನ್ನು ಹುಡುಕುವ ಕೆಲಸ ಮಗನಿಗೆ ಕೊಡಿ, ಆಕಳಿಕೆ ನಿಲ್ಲುತ್ತದೆ. ಇನ್ನೊಂದು: ‘ಕವಿ ಹುಟ್ಟಿದ ಮನೆ’ ಅಂತ ಮಗುವಿಗೆ ಹೇಳಬೇಡಿ. 1904ರಲ್ಲಿ ಅವರು ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ, ಕೊಪ್ಪ ತಾಲ್ಲೂಕು. ಕುಪ್ಪಳಿ ಬೆಳೆದ ಮನೆ. ಪ್ರವಾಸಕ್ಕೆ ಕರೆತರುವ ನಮ್ಮಂಥವರೇ ಇದನ್ನು ತಪ್ಪು ಹೇಳುತ್ತೇವೆ!

ಬೈಕಿನಲ್ಲಿ ಹೋದವನು: ಮಳೆಗಾಲದಲ್ಲಿ ಹೋಗಿ ಇಂಬಳಕ್ಕೆ (ಕಾಡಿನ ಜಿಗಣೆ) ರಕ್ತದಾನ ಮಾಡಿ ಬಂದೆ. ಡಿಸೆಂಬರ್ ಆದರೆ ಆ ಕಾಟ ಇರಲಿಕ್ಕಿಲ್ಲ. ಕುವೆಂಪು ಮಗ, ಲೇಖಕ ತೇಜಸ್ವಿ ಅವರ ಸ್ಮಾರಕವೂ ಅಲ್ಲೇ ಹತ್ತಿರ, ಮರೆಯಬೇಡಿ.

ತೀರ್ಥಹಳ್ಳಿ ಕಡೆಯವಳು: ಮೇಷ್ಟ್ರು ಹೇಳಿದ್ದು ಸರಿ. ಹೊರಡುವ ಮುಂಚೆ ಮಗನಿಗೆ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಕಥೆ ಅಜ್ಜನ ಬಾಯಲ್ಲೇ ಹೇಳಿಸಿ. ನಮ್ಮ ಮಗಳು ಕಾಡಿನ ದಾರಿ ಉದ್ದಕ್ಕೂ ಹುಲಿಯನನ್ನೇ ಹುಡುಕಿದಳು. ಕವಿಮನೆ ಮಧ್ಯಾಹ್ನ, ಸಂಜೆ ಕವಿಶೈಲ, ಹಾಗೆ ಇಟ್ಟುಕೊಳ್ಳಿ. ಸೂರ್ಯ ಅಲ್ಲೂ ಮುಳುಗುತ್ತಾನೆ.

ಪ್ರಶ್ನೆ ಕೇಳಿದವನು: ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ. ‘ಹಿರೇಕೊಡಿಗೆ ನನಗೆ ಗೊತ್ತಿಲ್ಲವೇನೋ’ ಅಂತ ನನ್ನನ್ನೇ ಗದರಿದರು. ಆಗುಂಬೆಗೆ ಹೋಗುವುದನ್ನು ಕೈಬಿಟ್ಟೆವು.