ಕಾರ್ಬನ್ ಪಟ್ಟಿ ಅಂಟಿಸಿದರೂ ಕಂಬದ ಸುತ್ತ ಬಿರುಕು ನಿಲ್ಲುತ್ತಿಲ್ಲ

ಉಪ್ಪಳದ ಗೋದಾಮು:
ಅಡಿಕೆ ಗೋದಾಮಿನ ಫ್ಲಾಟ್ ಸ್ಲ್ಯಾಬಿನ (ತೊಲೆಯಿಲ್ಲದೆ ನೇರವಾಗಿ ಕಂಬಗಳ ಮೇಲೆ ಕೂರುವ ಕಾಂಕ್ರೀಟು ಸ್ಲ್ಯಾಬು) ಅಡಿಭಾಗಕ್ಕೆ ಬಲ ಕೊಡಲು ಕಾರ್ಬನ್ ನಾರಿನ ಪಟ್ಟಿ ಅಂಟಿಸಿದ್ದೇವೆ. ಇಷ್ಟೆಲ್ಲ ಖರ್ಚಾದ ಮೇಲೂ ಬಿರುಕು ಬೆಳೆಯುತ್ತಲೇ ಇದೆ. ಅಂಟಿಸಿದ ಎಪಾಕ್ಸಿ ಅಂಟು ಕಳಪೆಯೇ? ಮಳೆಗೆ ಮೊದಲು ಚೀಲಗಳನ್ನು ಮೇಲೇರಿಸಬೇಕು.

ಕುಂಬಳೆ ಕಡಲತಡಿ:
ತೇವವೇ ಕಾರಣ. ನಮ್ಮ ಕರಾವಳಿಯಲ್ಲಿ ಕಾಂಕ್ರೀಟು ಒಣಗಿದಂತೆ ಕಂಡರೂ ಒಣಗಿರುವುದಿಲ್ಲ. ಅಂಟಿಸುವಾಗ ಮೇಲ್ಮೈ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಹನಿಯಾಗುವ ಉಷ್ಣತೆ) 3 ಡಿಗ್ರಿ ಸೆಲ್ಸಿಯಸ್ ಆದರೂ ಹೆಚ್ಚಿರಬೇಕು. ತಟ್ಟಿ ನೋಡಿ, ಪಟ್ಟಿ ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು ಬರುತ್ತದೆ.

ಉಪ್ಪಳದ ಗೋದಾಮು:
ತಟ್ಟಿದೆ. ಎಲ್ಲಿಯೂ ಟೊಳ್ಳು ಸದ್ದಿಲ್ಲ.

ಕುಂಬಳೆ ಕಡಲತಡಿ:
ಹಾಗಾದರೆ ಪುಲ್-ಆಫ್ ಪರೀಕ್ಷೆ (ಅಂಟನ್ನು ಎಳೆದು ಕೀಳಲು ಬೇಕಾದ ಬಲ ಅಳೆಯುವುದು) ಮಾಡಿಸಿ. 1.4 ಮೆಗಾಪಾಸ್ಕಲ್‌ಗಿಂತ ಕಡಿಮೆ ಬಂದರೆ ನನ್ನ ಮಾತೇ ನಿಜ. ನನ್ನ ಬಳಿ ಡಿಜಿಟಲ್ ಯಂತ್ರವಿದೆ, ತೇವಮಾಪಕವಿದೆ, ಧೂಳು ಹೀರುವ ವಜ್ರದ ಗ್ರೈಂಡರೂ ಇದೆ. ಈ ತಾಲ್ಲೂಕಿನಲ್ಲಿ ಇಂಥ ಸಲಕರಣೆ ಬೇರೆಯವರಲ್ಲಿಲ್ಲ.

ಬದಿಯಡ್ಕ ರಚನೆ:
ಯಂತ್ರ ಪಕ್ಕಕ್ಕಿರಲಿ. ಬಿರುಕು ಮೇಲಿದೆಯೋ ಕೆಳಗೋ? ದಪ್ಪ, ಕಂಬದ ಅಳತೆ, ಅಂತರ ಎಷ್ಟು?

ಉಪ್ಪಳದ ಗೋದಾಮು:
ಮೇಲೆಯೇ, ಕಂಬದ ಸುತ್ತ ವೃತ್ತಾಕಾರದಲ್ಲಿ. ದಪ್ಪ 150 ಮಿ.ಮೀ., ಕಂಬ 300 ಚೌಕ, ಐದೈದು ಮೀಟರ್ ಅಂತರ, ಎಂ20 ದರ್ಜೆಯ ಕಾಂಕ್ರೀಟು. ಕಂಬದ ತಲೆಯನ್ನು ಅಗಲಿಸಿಲ್ಲ.

ಬದಿಯಡ್ಕ ರಚನೆ:
ಇದನ್ನು ಮೊದಲೇ ಹೇಳಬೇಕಿತ್ತು. ಕಂಬವು ಸ್ಲ್ಯಾಬನ್ನು ಚುಚ್ಚಿಕೊಂಡು ಹೋಗುವ ಪಂಚಿಂಗ್ ಶಿಯರ್ ಲಕ್ಷಣ ಇದು. ಪರಿಣಾಮಕಾರಿ ಆಳ (ಸ್ಲ್ಯಾಬಿನ ಅಡಿಯಿಂದ ಮೇಲಿನ ಸರಳಿನವರೆಗೆ) 125 ಮಿ.ಮೀ. ಎಂದುಕೊಂಡರೆ, ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಕಂಬದ ಸುತ್ತಲಿನ ಅಪಾಯದ ಸುತ್ತಳತೆ 1700 ಮಿ.ಮೀ., ಧಾರಣಶಕ್ತಿ ಸುಮಾರು 238 ಕಿಲೋನ್ಯೂಟನ್. ಸುರಕ್ಷತೆಗಾಗಿ 1.5ರಿಂದ ಭಾಗಿಸಿದರೆ 158. ಒಂದು ಕಂಬದ ಪಾಲಿಗೆ ಬರುವ ಸ್ಲ್ಯಾಬಿನ ಸ್ವಂತ ಭಾರವೇ 94. ಉಳಿದದ್ದರಲ್ಲಿ ನೆಲಹಾಸೂ ಸೇರಿ ಚದರ ಮೀಟರಿಗೆ 260 ಕೆಜಿಯಷ್ಟೇ; ಅಂಚಿನ ಕಂಬಗಳಲ್ಲಿ ಇನ್ನೂ ಬಿಗಿ. ಅಡಿಯ ಪಟ್ಟಿ ನಡುವಿನ ಬಾಗುವಿಕೆಗೆ ಸಹಾಯಕ. ಕಂಬದ ಬಳಿ ಎಳೆತ ಇರುವುದು ಮೇಲ್ಭಾಗದಲ್ಲಿ.

ಮಂಜೇಶ್ವರ ಮರಳು:
ಕಡಲ ಮರಳು ಬಳಸಿದ್ದಾರೆಯೇ? ಉಪ್ಪಿನಿಂದ ಸರಳು ತುಕ್ಕು ಹಿಡಿದಿದ್ದರೆ ಅದರ ಮೇಲೆ ಏನು ಅಂಟಿಸಿದರೂ ವ್ಯರ್ಥ.

ಕುಂಬಳೆ ಕಡಲತಡಿ:
ಹೊಳೆಯ ಮರಳು ಸಿಗುವ ಕಡೆ ಕಡಲ ಮರಳನ್ನು ಯಾರು ಬಳಸುತ್ತಾರೆ? ತೇವವನ್ನು ಮರೆಯಬೇಡಿ.

ಬದಿಯಡ್ಕ ರಚನೆ:
ತುಕ್ಕಿನ ಪರೀಕ್ಷೆ ಅಗತ್ಯವೇ, ಆದರೆ ಈಗ ಚೀಲ ಏರಿಸಲೇಬೇಡಿ. ಇರುವ ಭಾರ ಇಳಿಸಿ, ಕಂಬದ ಸುತ್ತ ಆಸರೆ ಕೊಡಿ, ಜನರನ್ನು ಕೆಳಗೆ ಬಿಡಬೇಡಿ. ಪಂಚಿಂಗ್ ವೈಫಲ್ಯ ಮುನ್ಸೂಚನೆ ಕೊಡುವುದು ಕಡಿಮೆ. ಆಮೇಲೆ ರಚನಾ ಎಂಜಿನಿಯರರಿಂದ ವಿನ್ಯಾಸ ಮಾಡಿಸಿ: ರಂಧ್ರ ಕೊರೆದು ಲಂಬವಾಗಿ ಉಕ್ಕಿನ ಬೋಲ್ಟ್ ಅಥವಾ ನಾರಿನ ಆ್ಯಂಕರ್ ಹಾಕಬಹುದು, ಇಲ್ಲವೇ ಕಂಬದ ತಲೆಯನ್ನು ಹಿಗ್ಗಿಸಬಹುದು.

ಉಪ್ಪಳದ ಗೋದಾಮು:
ಆಸರೆ ಇಂದೇ ಕೊಡಿಸುತ್ತೇನೆ. ಕೊರೆಯುವಾಗ ಸರಳು ತುಂಡಾದರೆ?

ಬದಿಯಡ್ಕ ರಚನೆ:
ಮೊದಲು ಸ್ಕ್ಯಾನ್ ಮಾಡಿ ಸರಳಿನ ಜಾಗ ಗುರುತಿಸಿಯೇ ಕೊರೆಯಬೇಕು. ನಕ್ಷೆ ಸಿಕ್ಕರೆ ಇಲ್ಲಿ ಹಾಕಿ.